ಚೆನ್ನಜ್ಜಿ ನಮ್ಮ ಗೋಡೆಗೆ ತಟ್ಟಿದ ಬೀಜ

ನಾನು ಮದುವೆಯಾಗಿ ಹೆಗ್ಗದ್ದೆ ಕಡೆಯ ಈ ಮನೆಗೆ ಬಂದ ಮೊದಲ ವಾರ. ಹಿತ್ತಲಲ್ಲಿ ಅತ್ತೆ ಪಾತ್ರೆ ಬೆಳಗುತ್ತಿದ್ದರು, ನಮ್ಮ ಯಜಮಾನರು ಸೌದೆ ಒಡೆಯುತ್ತಿದ್ದರು, ನಾನು ಬಾವಿಕಟ್ಟೆಯ ಮೇಲೆ ಕೂತು ತಲೆ ಒಣಗಿಸಿಕೊಳ್ಳುತ್ತಿದ್ದೆ. ಗದ್ದೆಯ ಬದುವಿನ ಮೇಲೆ ಒಬ್ಬ ಮುದುಕಿ ಬಂದಳು. ಮನೆಯ ಕಡೆ ತಿರುಗಿಯೂ ನೋಡದೆ ನೇರ ತಿಪ್ಪೆಗೆ ಹೋಗಿ, ಕೈಕೋಲಿನಿಂದ ಕೆದಕಿ, ಏನೋ ಒಂದನ್ನು ಎತ್ತಿ ಸೆರಗಿನಲ್ಲಿ ಒರೆಸಿಕೊಂಡಳು. ಆಮೇಲೆ ಅತ್ತೆಯನ್ನು "ಚೆನ್ನಾಗಿದೀಯೇನೆ" ಎಂದು ಕೇಳಿದಳು.

"ಕೆಳಗಿನ ಮನೆ ಚೆನ್ನಕ್ಕ," ಎಂದು ಅತ್ತೆ ನನಗೆ ಹೇಳಿದರು. "ಮೊದ್ಲು ತಿಪ್ಪೆ ಮಾತಾಡಿಸ್ತಾಳೆ, ಆಮೇಲೆ ನಮ್ಮನ್ನ."

"ತಿಪ್ಪೆ ಸುಳ್ಳು ಹೇಳಲ್ಲ ಕಣೆ," ಎಂದಳು ಮುದುಕಿ. ನನ್ನ ಮುಂದೆ ನಿಂತು ಮುಚ್ಚಳವಿಲ್ಲದ ಅಲ್ಯುಮಿನಿಯಂ ಡಬ್ಬಿಯೊಂದನ್ನು ಚಾಚಿದಳು. "ಹೊಸ ಹುಡುಗಿ, ಇದು ನಿನ್ ಕೈ ಜಾರಿ ಬಿದ್ದೋಗಿತ್ತು ನೋಡು."

ಜಾರಿರಲಿಲ್ಲ. ಹಿಂದಿನ ದಿನ ನಾನೇ ಎಸೆದಿದ್ದೆ.

ನಾನು ಬೆಳೆದದ್ದು ಹಾಸನದಲ್ಲಿ, ಎರಡು ಕೋಣೆಯ ಬಾಡಿಗೆ ಮನೆಯಲ್ಲಿ. ಬಳಸದ ಸಾಮಾನಿಗೆ ಅಲ್ಲಿ ಜಾಗವಿರಲಿಲ್ಲ. ಅಮ್ಮ ತಿಂಗಳಿಗೊಮ್ಮೆ ಗುಜರಿಯವನನ್ನು ಕರೆದು ಮನೆ ಹಗುರ ಮಾಡಿಕೊಳ್ಳುತ್ತಿದ್ದಳು. ಇಲ್ಲಿನ ಅಟ್ಟ ನೋಡಿ ನನ್ನ ಕೈ ತುರಿಸಿತು. ಹರಿದ ಗೋಣಿ, ಒಡೆದ ಲಾಟೀನು, ಯಾರದೋ ಒಂಟಿ ಗಂಬೂಟು, ಎಲ್ಲ ಎಸೆದೆ. "ಸ್ವಲ್ಪ ಹೊತ್ತು ಅಲ್ಲಾಡ್ದೆ ಕೂತ್ರೆ ನನ್ನನ್ನೂ ಎಸೆದ್ಬುಡ್ತಾಳೆ," ಎಂದು ಯಜಮಾನರು ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದರು. ನಾನೂ ಹೆಮ್ಮೆಯಿಂದ ನಗುತ್ತಿದ್ದೆ.

ನಾನು ಎಸೆದದ್ದನ್ನು ಚೆನ್ನಜ್ಜಿ ಹೆಕ್ಕುತ್ತಿದ್ದಳು. ಒಂದು ವರ್ಷ ಕಾಫಿ ಕುಯ್ಲಿನ ನಡುವೆ ಹಣ್ಣು ಸುಲಿಯುವ ನಮ್ಮ ಕೈಪಲ್ಪರಿನ ಹಿಡಿಯ ಬೋಲ್ಟು ಮುರಿಯಿತು. ಅಂಗಳದ ತುಂಬ ಹಣ್ಣು; ಅವತ್ತೇ ಸಿಪ್ಪೆ ಬಿಡಿಸದಿದ್ದರೆ ಹುಳಿ ಬರುತ್ತದೆ. ಭಾನುವಾರ ಬೇರೆ, ಸಕಲೇಶಪುರದಲ್ಲಿ ಅಂಗಡಿ ತೆರೆದಿರಲಿಲ್ಲ. ಚೆನ್ನಜ್ಜಿ ತನ್ನ ಎಲೆಯಡಿಕೆ ಚೀಲವನ್ನು ಜಗಲಿಯ ಮೇಲೆ ಸುರಿದಳು. ಗುಂಡಿ, ಛತ್ರಿ ಕಡ್ಡಿ, ಸುಣ್ಣದ ಡಬ್ಬಿ, ಅವುಗಳ ನಡುವೆ ಒಂದು ಬೋಲ್ಟು. ತಿರುಗಿಸಿದರೆ ಸರಿಯಾಗಿ ಕೂತಿತು.

"ಯಾವ ಅಂಗಡೀದು ಅಜ್ಜಿ?" ಎಂದರು ಯಜಮಾನರು.

"ನಿಮ್ ತಿಪ್ಪೆ ಅಂಗಡೀದು. ಭಾನುವಾರಾನೂ ತೆಗ್ದಿರ್ತದೆ," ಎಂದು ಅವಳು ಬೆಲ್ಲದ ಕಾಫಿಗೆ ಲೋಟ ಚಾಚಿದಳು.

ಅವಳ ಸೌತೆಕಾಯಿಯ ವಿಷಯ ಹೇಳಬೇಕು. ಮದುವೆಯಾಗಿ ಬರುವಾಗ ಅವಳ ತಾಯಿ ತವರೂರು ಮಗ್ಗೆಯಲ್ಲಿ ಸೆರಗಿಗೆ ಕಟ್ಟಿ ಕಳಿಸಿದ ಬೀಜ ಅದು. ಗಿಡ್ಡ ಕಾಯಿ, ಬಿಳೀ ಗೆರೆ, ಬಾಳೆನಾರಿನಲ್ಲಿ ಕಟ್ಟಿ ತೂಗುಹಾಕಿದರೆ ಸಂಕ್ರಾಂತಿಯವರೆಗೂ ಕೆಡುತ್ತಿರಲಿಲ್ಲ. ಸುತ್ತಲಿನ ಮನೆಗಳಿಗೆಲ್ಲ ಅವಳೇ ಬೀಜ ಹಂಚುತ್ತಿದ್ದಳು. ಯಾರೂ ಬೀಜಕ್ಕೆಂದು ಒಂದು ಕಾಯಿ ಉಳಿಸುತ್ತಿರಲಿಲ್ಲ. ಚೆನ್ನಜ್ಜಿ ಇದ್ದಾಳಲ್ಲ ಎಂದು ಎಲ್ಲರೂ ತಿಂದು ಮುಗಿಸುತ್ತಿದ್ದರು. ತವರಿನ ಹಿತ್ತಲು ಮಾರಿಹೋಗಿ ಅಲ್ಲಿ ಶುಂಠಿ ಬಂದಿತ್ತು. ಹಾಗಾಗಿ ಇಡೀ ಸೀಮೆಗೆ ಉಳಿದದ್ದು ಅವಳು ಪ್ರತಿವರ್ಷ ಸಗಣಿಯಲ್ಲಿ ಕಲಸಿ ನಮ್ಮ ಅಡುಗೆಮನೆಯ ಗೋಡೆಗೆ ತಟ್ಟುತ್ತಿದ್ದ ಏಳೆಂಟು ಬಿಲ್ಲೆ ಬೀಜ ಮಾತ್ರ. ಒಂಟಿ ಜೀವದ ಅವಳ ಒಲೆ ದಿನಕ್ಕೊಮ್ಮೆ ಉರಿಯುತ್ತಿತ್ತು, ಗೋಡೆ ಥಂಡಿ. ನಮ್ಮ ಒಲೆಯ ಹಿಂದಿನ ಗೋಡೆ ಯಾವಾಗಲೂ ಬೆಚ್ಚಗಿರುತ್ತಿತ್ತು, ಹೊಗೆಗೆ ಹುಳ ಬೀಳುತ್ತಿರಲಿಲ್ಲ.

"ನಿನ್ ಗೋಡೆ ಮೇಲೈತೆ ಅಷ್ಟೆ, ನಿಂದಲ್ಲ ಕಣವ್ವ," ಎಂದು ತಟ್ಟುವಾಗಲೆಲ್ಲ ನನಗೆ ಹೇಳುತ್ತಿದ್ದಳು. ನನ್ನ ಬುದ್ಧಿ ಅವಳಿಗೆ ಗೊತ್ತಿತ್ತು.

ಇನ್ನೊಂದು ವರ್ಷ ಫೆಬ್ರವರಿಯಲ್ಲಿ ನಾದಿನಿಯನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಮನೆಗೆ ಸುಣ್ಣ ಬಳಿಯಲು ದೋಣಿಗಲ್ಲಿನ ಮಂಜಣ್ಣನಿಗೆ ಹೇಳಿದ್ದೆವು. ಅವನು ಬರುವ ಹಿಂದಿನ ದಿನ ಅತ್ತೆ ಬಟ್ಟೆ ತರಲು ಪೇಟೆಗೆ ಹೋಗಿದ್ದರು. ನಾನು ಸಟ್ಟುಗ ತೆಗೆದುಕೊಂಡು ಆ ಬಿಲ್ಲೆಗಳನ್ನೆಲ್ಲ ಕೆರೆದೆ. ಒಳಗೆ ಬೀಜವಿದೆ ಎಂದು ಗೊತ್ತಿರಲಿಲ್ಲವೆಂದು ಹೇಳುವಂತಿಲ್ಲ, ಗೊತ್ತಿತ್ತು. ಸೌತೆ ಬೀಜ ತಾನೆ, ಚಿತ್ರ ಇರುವ ಪೊಟ್ಟಣದಲ್ಲಿ ಅಂಗಡಿಯಲ್ಲೇ ಸಿಗುತ್ತದೆ, ಗೋಡೆ ಮೇಲೆ ಸಗಣಿ ಕಂಡರೆ ಗಂಡಿನವರು ಏನಂದುಕೊಂಡಾರು ಎಂದು ಯೋಚಿಸಿದೆ. ತಿಪ್ಪೆಗೆ ಹಾಕಿದರೆ ಅಜ್ಜಿ ಹುಡುಕಿಬಿಡುತ್ತಾಳೆಂದು ಬಚ್ಚಲ ಒಲೆಗೆ ಹಾಕಿದೆ. ಬೆರಣಿಯ ಹಾಗೆ ಚೆನ್ನಾಗಿ ಉರಿದವು. ಆ ನೀರಿನಲ್ಲೇ ಸಂಜೆ ಎಲ್ಲರೂ ಸ್ನಾನ ಮಾಡಿದೆವು.

ಗಂಡಿನವರು ಬಂದುಹೋದ ಮೇಲೆ ಚೆನ್ನಜ್ಜಿ ಬಂದಳು. ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಬೆಳ್ಳನೆಯ ಗೋಡೆಯನ್ನು ತುಂಬ ಹೊತ್ತು ನೋಡಿದಳು. ಹತ್ತಿರ ಹೋಗಿ ಅಂಗೈಯಿಂದ ಒಮ್ಮೆ ಸವರಿದಳು. ಅತ್ತೆ ನನ್ನ ಮುಖ ನೋಡಿದರು.

"ಮಂಜಣ್ಣ ಕೆರೆದ್ಬಿಟ್ರು ಅಜ್ಜಿ. ನಾನು ನೋಡ್ಲಿಲ್ಲ," ಎಂದೆ. ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಒಂದು ಗಳಿಗೆ ನಿಜವೆನ್ನಿಸಿತು.

"ಅವನ ಕೈ ಸೇದೋಗ," ಎಂದು ಅತ್ತೆ ಮಂಜಣ್ಣನನ್ನು ಬೈಯತೊಡಗಿದರು. ಚೆನ್ನಜ್ಜಿ ಕೋಲೂರಿಕೊಂಡು ಹೊರಟಳು.

ಗಿಡಗಳ ಬುಡಕ್ಕೆ ಹಾಕಲು ಅವಳು ನಮ್ಮ ಬಚ್ಚಲೊಲೆಯ ಬೂದಿ ಒಯ್ಯುವುದು ವಾಡಿಕೆ. ನಾಲ್ಕು ದಿನ ಬಿಟ್ಟು ಪುಟ್ಟಿ ತುಂಬಿಕೊಳ್ಳುತ್ತ ನನ್ನನ್ನು ಕರೆದಳು. ಅಂಗೈ ಬಿಚ್ಚಿದಳು. ಕರಕಲಾದ ಬೀಜ, ಐದೋ ಆರೋ.

"ಗೋಡೆ ಬಳಿಯೋನು ಬಚ್ಚಲೊಲೆಗೆ ಯಾಕ್ ಹಾಕ್ತಾನೆ ಅಂತ ನಂಗೆ ಗೊತ್ತಾಗ್ಲಿಲ್ಲ ಕಣವ್ವ," ಎಂದಳು.

ಒಳಗಿನಿಂದ ಅತ್ತೆ, "ಏನಂತೆ ಚೆನ್ನಕ್ಕ?" ಎಂದು ಕೂಗಿದರು.

"ಏನಿಲ್ಲ ಕಣೆ. ಬೂದಿ ನುಣ್ಣಗೈತೆ ಅಂತಿದ್ದೆ."

ಪುಟ್ಟಿ ಹೊತ್ತು ಬದುವಿಗೆ ಇಳಿದಳು. ಮುಂಗಾರಿಗೆ ನಾನು ಪೇಟೆಯ ಪೊಟ್ಟಣ ಕೊಂಡುಕೊಟ್ಟೆ. ಬೇಡವೆನ್ನದೆ ಬಿತ್ತಿದಳು. ಉದ್ದುದ್ದ ಕಾಯಿ ಬಿಟ್ಟವು, ವಾರಕ್ಕೇ ಕೊಳೆತವು. "ನೀರು ಚೆನ್ನಾಗೈತೆ ಇದ್ರಲ್ಲಿ," ಎಂದಷ್ಟೇ ಹೇಳಿದಳು. ಆಮೇಲೆ ಅವಳು ನಮ್ಮ ತಿಪ್ಪೆಯ ಕಡೆ ಹೋಗಲಿಲ್ಲ. ನೆಂಟರ ಹಾಗೆ ಮುಂಬಾಗಿಲಿನಿಂದ ಬಂದು, ಕಾಫಿ ಕುಡಿದು ಹೋಗುತ್ತಿದ್ದಳು. ಬೈದಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಎರಡು ಮಳೆಗಾಲ ಕಳೆದು ಚೆನ್ನಜ್ಜಿ ಹಾಸಿಗೆ ಹಿಡಿದಳು. ದಿನಾ ಗಂಜಿ ಒಯ್ಯುತ್ತಿದ್ದೆ. ಒಂದು ಮಧ್ಯಾಹ್ನ ಬೇರೆ ಯಾರೂ ಇಲ್ಲದಾಗ, "ಅಜ್ಜಿ, ಆ ಬೀಜ..." ಎಂದು ಶುರುಮಾಡಿದೆ.

"ನನ್ ಹತ್ರ ಹೇಳಿ ಏನು ಬಂತು, ನಂಗೊತ್ತಿರೋದೇ," ಎಂದಳು. "ಮಾಡ್ದಿರೋ ತಪ್ಪಿಗೆ ಮಂಜ ಸಂತೇಲಿ ಸಿಕ್ಕಾಗೆಲ್ಲ ತಲೆ ತಗ್ಗಿಸ್ತಾನೆ. ನಿಮ್ಮತ್ತೆ ಮುಂದೆ ಒಂದ್ ಮಾತು ಹೇಳ್ಬುಡು."

"ಹೇಳ್ತೀನಿ ಅಜ್ಜಿ," ಎಂದು ಅವಳ ಕೈಹಿಡಿದು ಮಾತು ಕೊಟ್ಟೆ. ಅದೇ ವಾರ ತೀರಿಕೊಂಡಳು.

ತಿಥಿಯ ಊಟ ನಮ್ಮ ಅಂಗಳದಲ್ಲೇ ಆಯಿತು. ಸೌತೆಕಾಯಿ ಹುಳಿ ಮಾಡಿದ್ದರು. ಪಂಕ್ತಿಯಲ್ಲಿ ಯಾರೋ, "ಅಜ್ಜಿ ಸೌತೆ ಆಗಿದ್ರೆ ಇದ್ರ ರುಚಿನೇ ಬೇರೆ," ಎಂದರು.

"ಅದ್ನ ಕೆರೆದು ಹಾಕಿದ ಪುಣ್ಯಾತ್ಮ ಅಲ್ಲೇ ಕೂತವ್ನಲ್ಲ," ಎಂದರು ಅತ್ತೆ. ಕೆಲವರು ನಕ್ಕರು.

ಮಂಜಣ್ಣನ ಕೈ ಅನ್ನದಲ್ಲೇ ನಿಂತಿತು. "ನಾನು ಬಂದಾಗ ಗೋಡೆ ಖಾಲಿ ಇತ್ತು ಕಣಮ್ಮ," ಎಂದು ಮೆಲ್ಲಗೆ ಹೇಳಿ ತಲೆಯೆತ್ತಿದ. ಹುಳಿಯ ಬಕೆಟ್ಟು ಹಿಡಿದು ಅವನ ಎಲೆಯ ಮುಂದೆ ನಿಂತವಳು ನಾನು. ಅತ್ತೆ ನಾಲ್ಕು ಹೆಜ್ಜೆ ಆಚೆ ಇದ್ದರು.

"ಇನ್ನೊಂದ್ ಚೂರು ಬಡಿಸ್ಲಾ ಅಣ್ಣ?" ಎಂದೆ.

ಬೇಡವೆಂದು ಅವನು ಎಲೆಗೆ ಕೈ ಅಡ್ಡ ಹಿಡಿದ. ನಾನು ಮುಂದಿನ ಎಲೆಗೆ ಹೋದೆ.

ಮರುವರ್ಷ ನಾದಿನಿ ಬಾಣಂತನಕ್ಕೆ ಬರುವ ಮೊದಲು ಮನೆಗೆ ಮತ್ತೆ ಸುಣ್ಣ ಬಳಿಸಿದೆವು. ಮಂಜ ಬೇಡ ಎಂದರು ಅತ್ತೆ. ಆಲೂರಿನಿಂದ ಬೇರೆ ಯಾರೋ ಬಂದರು.