ಒಳಗಿನಿಂದ ಹಾಕಿದ ಚಿಲಕ

ಮುಂಬೈಯಲ್ಲಿ ನಾವು ಗಿರಣಿ ಕೆಲಸಗಾರರಿದ್ದ ಚಾಳಿನ ಮುಂದೆ ತಮ್ಮ ಗುರುಪಾದನಿಗೆ ಯಾರೋ ಚಾಕು ಹಾಕಿದಾಗ ನಾನು ಬಾಗಿಲು ತೆರೆಯಲಿಲ್ಲ. ಓಣಿಯಲ್ಲಿ ಚೀರಾಟ ಕೇಳಿದರೆ ಎಲ್ಲರೂ ಚಿಲಕ ಹಾಕಿಕೊಳ್ಳುವುದು ಅಲ್ಲಿಯ ರೂಢಿ. "ಅಣ್ಣಾ" ಎಂದದ್ದು ಅವನೇ ಎಂದು ಗೊತ್ತಾದರೂ ನಾನು ಚಿಲಕ ಹಿಡಿದುಕೊಂಡೇ ನಿಂತೆ. ಅವನು ಉಳಿದು ಊರಿಗೆ ಹೋದ. ಕಾಗದ ಬರೆಯುವಷ್ಟು ಅಕ್ಷರ ನನಗೆ ಬರುತ್ತದೆ, ಆದರೆ ಇದನ್ನು ಬರೆಯಲಿಲ್ಲ.

ಆರು ತಿಂಗಳ ಮೇಲೆ ಇಂದು ನಮ್ಮೂರು ಹೊನವಾಡಕ್ಕೆ ಹೊರಟಿದ್ದೇನೆ. ಯುದ್ಧದಿಂದಾಗಿ ಪೆಟ್ರೋಲು ಸಿಗದೆ ಇದ್ದಲಿನಿಂದ ಓಡುವ ವಿಜಾಪುರದ ಬಸ್ಸು ತಿಕೋಟಾದಲ್ಲಿ ನಿಂತಿತು. ಡ್ರೈವರ್ ಇದ್ದಲು ತುಂಬುವಷ್ಟರಲ್ಲಿ ಚಹಾದಂಗಡಿಗೆ ಹೋದೆ. ನನ್ನನ್ನು ಕರೆದೊಯ್ಯಲು ಬಂದ ತಮ್ಮ ಅಲ್ಲೇ ಕುಳಿತಿದ್ದ. ಚಾಕು ತಗುಲಿದ ಅವನ ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಅಂಗಡಿಯ ಮುದುಕ, ಯಾರೂ ಹೇಳದೆಯೇ, ಅವನ ಚಹಾವನ್ನು ಕಪ್ಪಿನಿಂದ ಬಶಿಗೆ ಸುರಿದುಕೊಟ್ಟ.

"ಇವಾ ನಮ್ಮಣ್ಣ," ಎಂದ ತಮ್ಮ.

"ಮುಂಬೈ ಮಂದಿಗೆ ಕರಳಿಲ್ಲ ಬಿಡ್ರಿ," ಎಂದು ಮುದುಕ ನನ್ನತ್ತ ತಿರುಗಿದ. "ಹಾಡಹಗಲ ಚಾಕು ಹಾಕಿದ್ರೂ ಬಾಗಲಾ ಹಾಕ್ಕೋತಾರಂತ. ನೀವಾದ್ರ ಆಗ ಗಿರಣ್ಯಾಗ ಇದ್ರಂತ. ಮನ್ಯಾಗಿದ್ರ ಬಿಡ್ತಿದ್ರೇನು? ನಿಮ್ಮ ತಮ್ಮ ಎಲ್ಲಾರಿಗೂ ಹೇಳ್ಯಾನ."

ಆ ದಿನ ನನಗೆ ಗಿರಣಿಯ ಸೂಟಿ, ಮನೆಯಲ್ಲೇ ಇದ್ದೇನೆ ಎಂಬುದು ತಮ್ಮನಿಗೆ ಗೊತ್ತಿತ್ತು. ಅದಕ್ಕೇ ಅವನು ಕೂಗಿದ್ದ.

"ಬಸ್ ಹೊಂಟೈತಿ, ಏಳೋ ಅಣ್ಣಾ," ಎಂದ ಅವನು, ಬಶಿಯಿಂದ ಮುಖ ಎತ್ತದೆ.

ನಾನು ಏಳಲಿಲ್ಲ.

"ಗಿರಣ್ಯಾಗ ಇರಲಿಲ್ಲ ಕಾಕಾ. ನಾ ಮನ್ಯಾಗ ಇದ್ದೆ, ಚಿಲಕಾ ಹಾಕ್ಕೊಂಡು," ಎಂದೆ. ಆಮೇಲೆ ತಮ್ಮನ ಬಲಗೈ ಹಿಡಿದುಕೊಂಡೆ. "ನಾ ಅಂಜಿದ್ನೋ ಗುರುಪಾದ. ತಪ್ಪಾತು."