ವಹಾಬ್ ಸಾಹೇಬರ ಟೈರ್ ಸೋಫಾ

ಬಿಸಾಡುವಂಥ ವಸ್ತು ಜಗತ್ತಿನಲ್ಲಿ ಯಾವುದೂ ಇಲ್ಲ ಎಂದು ನಂಬಿದ ಮನುಷ್ಯ ಪಕ್ಕದ ಮನೆಯಲ್ಲಿದ್ದರೆ, ಕಸ ಚೆಲ್ಲುವುದಕ್ಕೂ ಕಳ್ಳರ ಹಾಗೆ ಹೋಗಬೇಕಾಗುತ್ತದೆ. ನಾನೂ ನನ್ನ ಹೆಂಡತಿ ಯಶೋಧರಾಳೂ ಹಾಗೇ ಹೋಗುತ್ತಿದ್ದೆವು. ಒಡೆದ ಬಕೀಟು, ಸವೆದ ಚಪ್ಪಲಿ, ಎಣ್ಣೆ ಡಬ್ಬಿಗಳನ್ನು ಚೀಲದಲ್ಲಿ ಮುಚ್ಚಿಕೊಂಡು ಆಚೆ ಓಣಿಯ ಕಸದ ಗಾಡಿಗೆ ಹಾಕಿ ಬರುತ್ತಿದ್ದೆವು. ನಮ್ಮ ಬಾಗಿಲ ಮುಂದಿಟ್ಟರೆ ವಹಾಬ್ ಸಾಹೇಬರು ಎತ್ತಿಕೊಂಡು ಹೋಗುತ್ತಿದ್ದರು. ಒಯ್ದರೆ ಒಯ್ಯಲಿ, ಅದಕ್ಕೇನೂ ದುಃಖವಿಲ್ಲ. ಕೆಲವು ದಿನ ಬಿಟ್ಟು ಅದೇ ಬಕೀಟನ್ನು ಹೂದಾನಿ ಮಾಡಿ, ಮೇಲೆ ಚಮಕಿ ಹಚ್ಚಿ, ನಮಗೇ ಉಡುಗೊರೆಯಾಗಿ ತರುತ್ತಿದ್ದರು. ಚಹಾ ಕುಡಿಸಿ, ಶಾಬಾಸ್ ಅಂದು, ಅದನ್ನು ಟಿವಿ ಪಕ್ಕದಲ್ಲಿ ಇಡಬೇಕಿತ್ತು.

ವಹಾಬ್ ಸಾಹೇಬರು ಕಲಬುರಗಿಯ ಒಂದು ದಾಲ್‌ಮಿಲ್ಲಿನಲ್ಲಿ ಗುಮಾಸ್ತರು. ಮಿಲ್ಲಿನ ಹರಕು ಗೋಣಿಚೀಲಗಳು ಅವರಿಗೆ ಬೇಕಾದಷ್ಟು ಸಿಗುತ್ತಿದ್ದವು. ಅದರಿಂದಲೇ ಬಾಗಿಲಿಗೆ ಪರದೆ, ಟಿವಿಗೆ ಮುಸುಕು, ಹೆಂಡತಿ ಹಾಜಿರಾಗೆ ಮದುವೆಗೆ ಹೋಗುವ ಕೈಚೀಲ. ಆ ಪರದೆ ಅಲುಗಿದಾಗಲೆಲ್ಲ ತೊಗರಿಯ ಧೂಳು ಉದುರುತ್ತಿತ್ತು. ಅವರ ಮನೆಗೆ ಬಂದವರು ಸಲಾಂ ಹೇಳುವ ಮೊದಲು ಸೀನುತ್ತಿದ್ದರು. ಕೈಚೀಲ ಇನ್ನೂ ಹೊಸದಾಗಿಯೇ ಇದೆ. ಅದು ಬಂದ ಮೇಲೆ ಹಾಜಿರಾ ಆಪಾ ಮದುವೆಗಳಿಗೆ ಕೈಬೀಸಿಕೊಂಡೇ ಹೋಗುತ್ತಾರೆ.

ಮೊದಲು ಇಷ್ಟು ಇರಲಿಲ್ಲವಂತೆ. ಫೋನಿನಲ್ಲಿ 'ಮನೆಯಲ್ಲೇ ಮಾಡಿ ನೋಡಿ' ವಿಡಿಯೋಗಳು ಬರತೊಡಗಿದ ಮೇಲೆ ಹೆಚ್ಚಾಯಿತು. ವಿಡಿಯೋದಲ್ಲಿ ಎರಡು ನಿಮಿಷಕ್ಕೆ ಮುಗಿಯುವ ಕೆಲಸ ಇವರ ಮನೆಯಲ್ಲಿ ಎರಡು ತಿಂಗಳು ಪಡಸಾಲೆಯ ನಡುವೆ ಬಿದ್ದಿರುತ್ತಿತ್ತು. ಪುಕ್ಕಟೆ ಕುರ್ಚಿ ಮಾಡಲಿಕ್ಕೆಂದು ಜಗತ್ ಸರ್ಕಲ್ಲಿನ ಅಂಗಡಿಯಿಂದ ಡ್ರಿಲ್ ಮಷೀನು ಬಂತು, ಅಂಟು ಕರಗಿಸುವ ಪಿಸ್ತೂಲು ಬಂತು, ಬಣ್ಣ ಸಿಂಪಡಿಸುವ ಡಬ್ಬಿಗಳು ಬಂದವು. "ಒಮ್ಮಿ ತಂದ್ರ ಜಿಂದಗಿ ತನಕ ಬರ್ತಾವ್ರೀ ಆನಂದ ಭಾಯಿ" ಎಂದು ನನಗೆ ತಿಳಿಸಿ ಹೇಳಿದರು. ಮಷೀನು ಈಗಲೂ ಗಟ್ಟಿಮುಟ್ಟಾಗಿದೆ. ಕುರ್ಚಿ ಬಕ್ರೀದ್ ತನಕವೂ ಬಾಳಲಿಲ್ಲ.

ಡಬ್ಬಿ ಚಂದ ಕಂಡರೆ ಅದು ಖಾಲಿಯಾಗುವವರೆಗೆ ಕಾಯುವ ತಾಳ್ಮೆಯೂ ಅವರಿಗಿರಲಿಲ್ಲ. ಒಳಗಿನ ಉಪ್ಪಿನಕಾಯಿಯನ್ನು ತಾಟಿಗೆ ಸುರಿದು ಬರಣಿ ಒಯ್ಯುತ್ತಿದ್ದರು. "ಕಸದಾಗಿಂದ ಸಾಮಾನ ಮಾಡ್ತೀನಿ ಅಂತಾರ. ನಮ್ ಮನ್ಯಾಗ ಸಾಮಾನೇ ಕಸ ಆಗ್ಯಾದ ಯಶೋಧರಾ" ಎಂದು ಹಾಜಿರಾ ಆಪಾ ನನ್ನ ಹೆಂಡತಿಯ ಮುಂದೆ ಹೇಳಿಕೊಳ್ಳುತ್ತಿದ್ದರು. ಮಗಳು ತೂಬಾ ಖಾಸಗಿ ಶಾಲೆಯೊಂದರಲ್ಲಿ ಟೀಚರು. ಅಪ್ಪ ಅಂಟವಾಳಕಾಯಿ ಕುಟ್ಟಿ ತಯಾರಿಸಿದ ಸೋಪಿನ ಪುಡಿಯಲ್ಲಿ ಒಗೆದು ಅವಳ ಬಿಳಿ ಬಟ್ಟೆಗಳೆಲ್ಲ ಸೋಸಿದ ಚಹಾದ ಬಣ್ಣಕ್ಕೆ ತಿರುಗಿದ್ದವು. ಯಾರಾದರೂ ಕೇಳಿದರೆ "ಈಗ ಇದೇ ಫ್ಯಾಶನ್" ಎನ್ನುತ್ತಿದ್ದಳು. ಅಪ್ಪನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ, ಕನಿಕರವಿತ್ತು. ಅದು ಸಿಟ್ಟಿಗಿಂತ ಕಷ್ಟದ್ದು.

ಇವರ ಕೈಕೆಲಸಗಳಲ್ಲೆಲ್ಲ ದೊಡ್ಡದು ಟೈರ್ ಸೋಫಾ. ಸ್ಟೇಶನ್ ಬಜಾರಿನ ಪಂಕ್ಚರ್ ಅಂಗಡಿಯಿಂದ ಲಾರಿಯ ಹಳೇ ಟೈರು ತಂದು, ಒಂದರ ಮೇಲೊಂದಿಟ್ಟು, ಸುತ್ತ ಸುತಳಿ ಸುತ್ತಿ, ನಡುವಿನ ತೂತಿಗೆ ಹಲಗೆ ಹಾಕಬೇಕಿತ್ತು. ಹಲಗೆ ಅಷ್ಟರಲ್ಲಿ ಗುಬ್ಬಿಗೂಡಾಗಿಬಿಟ್ಟಿತ್ತು. ಹೀಗಾಗಿ ಹಗ್ಗದ ಜಾಳಿಗೆ ಹೆಣೆದು ಮೇಲೆ ಗೋಣಿಯ ಗಾದಿ ಹಾಕಿದರು. ಅದರಲ್ಲಿ ಕೂತವರು ಮೊದಲು ಚೆನ್ನಾಗಿಯೇ ಕೂರುತ್ತಿದ್ದರು. ಆಮೇಲೆ ಸಾವಕಾಶವಾಗಿ ಇಳಿಯುತ್ತಿದ್ದರು. ಮಾತು ಮುಗಿಯುವ ಹೊತ್ತಿಗೆ ಮೊಣಕಾಲು ಗದ್ದಕ್ಕೆ ಬಂದಿರುತ್ತಿತ್ತು.

"ನಮ್ ಸೋಫಾದಾಗ ಕೂತವರು ಲಗೂ ಏಳಂಗಿಲ್ಲ" ಎಂದು ವಹಾಬ್ ಸಾಹೇಬರು ಹೆಮ್ಮೆ ಪಡುತ್ತಿದ್ದರು.

ತೂಬಾಗೆ ಗಂಡು ಹುಡುಕಲು ಶುರು ಮಾಡಿದಾಗ ಸಂಬಂಧ ಕುದುರಿದ್ದು ನನ್ನಿಂದಲೇ. ನಾನು ಕಮಲಾಪುರದ ಹೈಸ್ಕೂಲಿನಲ್ಲಿ ಮಾಸ್ತರ. ದಿನಾ ಬಸ್ಸಿನಲ್ಲಿ ಹೋಗಿಬರುತ್ತೇನೆ. ಅಲ್ಲಿ ನನ್ನ ಜೊತೆ ಮೈಬೂಬ ಎಂಬ ಉರ್ದು ಮಾಸ್ತರರಿದ್ದಾರೆ. ಅವರ ಅಕ್ಕನ ಮಗ ಶಹಬಾಜ್‌ಗೆ ಕಮಲಾಪುರದಲ್ಲೇ ಕರೆಂಟಿನ ಸಾಮಾನಿನ ಅಂಗಡಿ. ಹುಡುಗ ಒಳ್ಳೆಯವನು, ಮಾತು ಕಡಿಮೆ. ಕಡಿಮೆಯಾಗದೆ ಏನು ಮಾಡುತ್ತದೆ, ಮನೆಯ ಮಾತನ್ನೆಲ್ಲ ತಾಯಿ ಅಕ್ಬರಿ ಬೇಗಂ ಒಬ್ಬರೇ ಆಡಿ ಮುಗಿಸುತ್ತಿದ್ದರು.

ನೋಡಲು ಬರುವ ದಿನ ಹಾಜಿರಾ ಆಪಾ ಬೆಳಿಗ್ಗೆಯೇ ನಮ್ಮ ಮನೆಯ ಸೋಫಾ ಸೆಟ್ಟನ್ನು ತಮ್ಮ ಪಡಸಾಲೆಗೆ ಸಾಗಿಸಿದರು. ಗೋಣಿ ಪರದೆ ಬಿಚ್ಚಿ ನಮ್ಮ ಪರದೆ ಕಟ್ಟಿದರು. ಟೈರ್ ಸೋಫಾ ಮಾಳಿಗೆ ಹತ್ತಿತು. ವಹಾಬ್ ಸಾಹೇಬರು ಒಂದು ಮೂಲೆಯಲ್ಲಿ ನಿಂತು ಇದನ್ನೆಲ್ಲ ನೋಡಿದರು. ಅವರ ಮುಖ ಒದ್ದೆ ಗೋಣಿಯಾಗಿತ್ತು.

"ಪರರ ಸಾಮಾನ ತೋರ್ಸಿ ಮಗಳನ್ನ ಕೊಡಬೇಕಾ?" ಎಂದರು.

"ನಮ್ ಸಾಮಾನ ತೋರ್ಸಿದ್ರ ಮಗಳು ಮನ್ಯಾಗೇ ಉಳೀತಾಳ" ಎಂದರು ಹಾಜಿರಾ ಆಪಾ.

ಆಪಾ ಅಡುಗೆಮನೆಗೆ ಹೋದದ್ದೇ ತಡ, ಸಾಹೇಬರು ಮಾಳಿಗೆ ಹತ್ತಿ ಟೈರ್ ಸೋಫಾವನ್ನು ಮೆಟ್ಟಿಲ ಮೇಲೆ ಉರುಳಿಸಿಕೊಂಡು ಬಂದರು. ಅದು ಕೊನೆಯ ಮೆಟ್ಟಿಲು ದಾಟುವುದಕ್ಕೂ ಬೀಗರು ಹೊಸ್ತಿಲು ದಾಟುವುದಕ್ಕೂ ಸರಿಹೋಯಿತು. ಅಕ್ಬರಿ ಬೇಗಂ ಪಡಸಾಲೆಯನ್ನೊಮ್ಮೆ ಕಣ್ಣಲ್ಲೇ ಅಳೆದು ನೋಡಿದರು. ಎಲ್ಲರೂ ಸಾಲಾಗಿ ಕೂರುವ ಸೋಫಾಕ್ಕಿಂತ ನಡುವಿನ ಆ ಒಂಟಿ, ಗುಂಡನೆಯ ಆಸನವೇ ತಮ್ಮ ಯೋಗ್ಯತೆಗೆ ತಕ್ಕದ್ದು ಅನ್ನಿಸಿರಬೇಕು. ಬುರ್ಖಾ ಸರಿಪಡಿಸಿಕೊಂಡು ಅದರಲ್ಲೇ ಕೂತರು. ಅಡುಗೆಮನೆ ಬಾಗಿಲಲ್ಲಿ ಶರಬತ್ತಿನ ತಾಟು ಹಿಡಿದು ನಿಂತ ಹಾಜಿರಾ ಆಪಾರ ಬಣ್ಣವೇ ಇಳಿದುಹೋಯಿತು.

ಮಾತು ಅವರ ದಖ್ಖನಿಯಲ್ಲೇ ನಡೆಯಿತು. ನಾನಿದ್ದೇನೆಂದು ನಡುನಡುವೆ ಕನ್ನಡ ಬೆರೆಸುತ್ತಿದ್ದರು. ಹುಡುಗಿ ಒಪ್ಪಿಗೆಯಾದಳು. ಶಹಬಾಜ್ ತಲೆ ಎತ್ತದೆಯೇ ತೂಬಾಳನ್ನು ನೋಡಿ ಮುಗಿಸಿದ್ದ. ಇನ್ನು ಉಳಿದದ್ದು ಆ ಮಾತು. ಎಲ್ಲ ಜಾತಿಯಲ್ಲೂ, ಎಲ್ಲ ಮನೆಯಲ್ಲೂ, 'ನಮಗೇನೂ ಬೇಡ' ಎಂದೇ ಶುರುವಾಗುವ ಮಾತು. ನಮ್ಮಲ್ಲಿ ಬುದ್ಧನ ಫೋಟೋದ ಕೆಳಗೆ ಕೂತು ಆಡುತ್ತೇವೆ, ಅಷ್ಟೇ ಫರಕು.

"ನಮಗೇನೂ ಬ್ಯಾಡ ಭಾಯಿಸಾಬ್" ಎಂದರು ಅಕ್ಬರಿ ಬೇಗಂ. ಆಗ ಅವರು ಅರ್ಧ ಇಳಿದಿದ್ದರು. "ಅಲ್ಲಾ ಎಲ್ಲಾ ಕೊಟ್ಟಾನ. ನಿಮ್ ಮಗಳಿಗಿ ನಿಮ್ ಖುಷಿಲೆ ನೀವು ಏನ್ ಕೊಡ್ತೀರಿ ಕೊಡ್ರಿ. ಒಂದ್ ಪಲಂಗ. ಪಲಂಗ ಬಂದ ಮ್ಯಾಲ ಅಲಮಾರಿ ಬಂದೇ ಬರ್ತದ. ಸೋಫಾ, ಡ್ರೆಸ್ಸಿಂಗ್ ಟೇಬಲ್, ಶೋಕೇಸ್. ನಮ್ ಊರಾಗ ಬಿಸಿಲು ಭಾಳ, ಹುಡುಗಿಗಿ ತ್ರಾಸ ಆಗಬಾರದು, ಒಂದ್ ಕೂಲರ್. ನಾವು ಕೇಳಲಾಕತ್ತಿಲ್ಲ ಮತ್ತ."

ಹಾಜಿರಾ ಆಪಾ ನೆಲ ನೋಡತೊಡಗಿದರು. ತೂಬಾಳ ಮುಖ ಗಟ್ಟಿಯಾಯಿತು. ಮೈಬೂಬ ಮಾಸ್ತರರು ಖಾಲಿ ಗ್ಲಾಸಿನಿಂದ ಶರಬತ್ತು ಕುಡಿಯುವವರಂತೆ ನಟಿಸಿದರು. ನಾನು ಬಾಯಿ ತೆರೆಯಬೇಕು ಅನ್ನುವಷ್ಟರಲ್ಲಿ ವಹಾಬ್ ಸಾಹೇಬರು ಎದ್ದು ನಿಂತರು. ಅವರ ಕಣ್ಣಲ್ಲಿ ನೀರಿತ್ತು. ಅಪಮಾನದ ನೀರೆಂದುಕೊಂಡೆ. ಅಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ ಯಾರೋ ಅವರನ್ನು ಸಾಮಾನು ಕೇಳಿದ್ದರು.

"ಎಲ್ಲಾ ಕೊಡ್ತೀನಿ ಆಪಾ!" ಎಂದರು. "ಒಂದೂ ಅಂಗಡೀದಲ್ಲ. ಎಲ್ಲಾ ನನ್ ಕೈಲೇ ಮಾಡಿ ಕೊಡ್ತೀನಿ. ನೀವು ಕೂತೀರಲ್ಲ, ಅದೂ ನಂದೇ!"

ಅಕ್ಬರಿ ಬೇಗಂ ತಾವು ಕೂತದ್ದನ್ನು ನೋಡಿಕೊಳ್ಳಲು ಬಗ್ಗಿದರು. ಬಗ್ಗುವುದಕ್ಕೆ ಜಾಗವಿರಲಿಲ್ಲ. ಏಳಲು ನೋಡಿದರು, ಕಾಲು ಮಾತ್ರ ಮೇಲೆದ್ದವು. ಕಡೆಗೆ ಒಂದು ಕೈ ತಮ್ಮ ಮೈಬೂಬ ಮಾಸ್ತರರು, ಒಂದು ಕೈ ಮಗ ಹಿಡಿದು ಎಳೆದು ನಿಲ್ಲಿಸಿದರು. ಬುರ್ಖಾದ ತುಂಬ ಸುತಳಿಯ ಜುಂಗು. ಎದ್ದವರನ್ನು ವಹಾಬ್ ಸಾಹೇಬರು ಬಿಡಲಿಲ್ಲ. ಮನೆ ತುಂಬ ಸುತ್ತಾಡಿಸಿದರು. ಕುಕ್ಕರ್ ಮುಚ್ಚಳದ ಗಡಿಯಾರ, ಔಷಧಿ ಬಾಟ್ಲಿಯ ದೀಪ ತೋರಿಸಿದರು. ಕೊನೆಗೆ, ನೀರಿನ ಪೀಪಾಯಿಗೆ ಫ್ಯಾನು ಜೋಡಿಸಿ ತಾವೇ ಮಾಡಿದ ಕೂಲರ್ ಚಾಲೂ ಮಾಡಿದರು. ಅದು ಲಾರಿಯಂತೆ ಗುಡುಗಿ, ಗಾಳಿಯ ಬದಲು ಒಂದು ಚೊಂಬು ನೀರನ್ನು ಅಕ್ಬರಿ ಬೇಗಂ ಎದೆಗೆ ಎರಚಿತು.

"ಮೊದ್ಲ ಸ್ವಲ್ಪ ನೀರು ಬರ್ತದ, ಆಮ್ಯಾಲ ಗಾಳಿ" ಎಂದು ಸಾಹೇಬರು ಸಮಾಧಾನ ಹೇಳಿದರು.

ಅಷ್ಟಕ್ಕೇ ನಿಂತಿದ್ದರೂ ಬೀಗರು ಮರೆಯುತ್ತಿದ್ದರೇನೋ. ಮುಂದಿನ ರವಿವಾರ ಸಾಹೇಬರು ಅಳತೆ ಟೇಪು ಹಿಡಿದು ಕಮಲಾಪುರಕ್ಕೆ ಹೋದರು. ಬೀಗರ ಮನೆಯ ಕೋಣೆ, ಕಿಟಕಿ, ಬಾಗಿಲು ಅಳೆದರು. ಆ ಊರಿನ ಕೆಂಪು ಬಾಳೆಯ ತೋಟ ಕಂಡು ಅವರಿಗೆ ಮತ್ತೊಂದು ಹೊಳೆಯಿತು. ಗೊನೆ ಕಡಿದ ಮೇಲೆ ಬಾಳೆದಿಂಡು ಸುಮ್ಮನೆ ಕೊಳೆಯುತ್ತದಲ್ಲ! ಅದರ ನಾರು ಬಿಡಿಸಿ ಗಾದಿ ಮಾಡಬೇಕು. ಸಂಜೆ ಹೊತ್ತಿಗೆ ಬೀಗರ ಅಂಗಳದಲ್ಲಿ ಒಂದು ಗಾಡಿ ಹಸಿ ದಿಂಡು ಬಿದ್ದಿತ್ತು. "ಇವು ಇಲ್ಲೇ ಒಣಗ್ಲಿ, ನಾ ಬಂದು ನೋಡ್ಕೊಂತೀನಿ" ಎಂದು ಹೇಳಿ ಬಸ್ಸು ಹತ್ತಿದರು. ದಿಂಡು ಒಣಗಲಿಲ್ಲ, ಕೊಳೆಯಿತು. ನೊಣ ಬಂದವು. ಊರಿನ ಎಮ್ಮೆಗಳೆರಡು ಬಂದು ಅಲ್ಲೇ ಠಿಕಾಣಿ ಹೂಡಿದವು.

ಒಂದು ದಿನ ಸ್ಟಾಫ್ ರೂಮಿನಲ್ಲಿ ಮೈಬೂಬ ಮಾಸ್ತರರು ಕುರ್ಚಿ ಎಳೆದುಕೊಂಡು ನನ್ನ ಹತ್ತಿರ ಬಂದರು.

"ಆನಂದಕುಮಾರ ಸರ್, ಖರೇ ಹೇಳ್ರಿ. ಆ ಮನುಷ್ಯ ಹೇಳಿದ್ದೆಲ್ಲಾ ಮಾಡ್ತಾರೇನು?"

"ಮಾಡ್ತಾರ್ರೀ. ಪಲಂಗದ ಕಾಲು ಆಗ್ಯಾವ."

"ಎಂಥವು?"

"ಬಣ್ಣದ ಡಬ್ಬಿಯವು. ಒಳಗ ಸಿಮಿಂಟ್ ತುಂಬ್ಯಾರ."

ಮಾಸ್ತರರು ಕಣ್ಣು ಮುಚ್ಚಿಕೊಂಡರು. "ನಮ್ ಅಕ್ಕ ಹೇಳಿ ಕಳಿಸ್ಯಾಳ. ಜಹೇಜ್, ವರದಕ್ಷಿಣಿ ತೊಗೊಳ್ಳೋದು ಗುನ್ಹೆ ಅಂತ. ನಮ್ ಮನಿಗಿ ಒಂದು ಚಮಚಾ ಬರಬಾರದು. ಹುಡುಗಿ ಬಂದ್ರ ಸಾಕು."

ಹೀಗೆ ಒಂದು ಚೊಂಬು ನೀರಿನಲ್ಲಿ ಅಕ್ಬರಿ ಬೇಗಂಗೆ ಧರ್ಮದ ಅರಿವಾಯಿತು. ಆಗಬೇಕಾದದ್ದು ಆಯಿತು ಎಂದು ಸುಮ್ಮನಿದ್ದರೆ ಚಂದವಿತ್ತು. ಆದರೆ ಅವರು ಒಳ್ಳೆಯತನವನ್ನೂ ವ್ಯರ್ಥ ಮಾಡುವವರಲ್ಲ. 'ನಾವು ಏನೂ ತೊಗೊಂಡಿಲ್ಲ' ಎಂದು ಊರೆಲ್ಲ ಹೇಳಿದರು. ಶುಕ್ರವಾರದ ನಮಾಜಿನ ನಂತರ ಈ ಆದರ್ಶ ತಾಯಿಯ ಹೆಸರು ಹೇಳಿ ಹೊಗಳಲಾಯಿತು. ನಿಕಾದ ದಿನ ಜಮಾತಿನ ಹಿರಿಯರು ಅವರ ಮನೆಗೆ ಶಾಲು ಕಳಿಸಿದರು. ಶಾಲು ಹೊದ್ದ ಫೋಟೋ ಫೋನಿನಿಂದ ಫೋನಿಗೆ ಹೋಗಿ ನಮ್ಮ ಓಣಿಯವರೆಗೂ ಬಂತು.

ಇತ್ತ ವಹಾಬ್ ಸಾಹೇಬರು ಊಟ ಬಿಟ್ಟರು. ತಮ್ಮ ಕಲೆಯನ್ನು ತಿರಸ್ಕರಿಸಿದರೆಂಬುದೇ ಅವರ ಕೊರಗು. ಹಾಜಿರಾ ಆಪಾ ಗಂಡನಿಗೆ ಮುದ್ದಾಂ ಖೀಮಾ ಮಾಡಿ ಬಡಿಸಿದರು. ಇಷ್ಟು ವರ್ಷದ ಸಂಸಾರದಲ್ಲಿ ಮೊದಲ ಸಲ "ನಿಮ್ ಸೋಫಾ ಚಲೋ ಅದ" ಎಂದರು. ಸಾಹೇಬರು ತುತ್ತು ಹಿಡಿದುಕೊಂಡೇ ಅವರ ಮುಖ ನೋಡಿದರು.

ತೂಬಾಳ ಮದುವೆ ಸರಳವಾಗಿ ಆಯಿತು. ಅವಳೀಗ ಕಮಲಾಪುರದಲ್ಲಿ ಸುಖವಾಗಿದ್ದಾಳೆ. ಅಲ್ಲಿಯೇ ಒಂದು ಶಾಲೆಗೂ ಹೋಗುತ್ತಾಳೆ. ಅತ್ತೆ ಅವಳಿಗೆ ಜೋರು ಮಾಡುವುದಿಲ್ಲ. ಶಾಲು ಹೊದ್ದವರಿಗೆ ಜೋರು ಮಾಡಲು ಬರುವುದಿಲ್ಲ, ಊರು ನೋಡುತ್ತಿರುತ್ತದೆ. ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ನಾನೇ ಕೇಳಿದೆ: "ನಿಮ್ ಅಬ್ಬಾಗ ಖರೇ ವಿಷಯ ತಿಳಿಸಬೇಕಲ್ಲಮ್ಮ, ಅವರ ಸಾಮಾನಿಗಿ ಅಂಜೇ ಜಹೇಜ್ ತಪ್ಪಿತು ಅಂತ? ಭಾಳ ನೊಂದ್ಕೊಂಡಾರ."

"ತಿಳಿಸಬ್ಯಾಡ್ರಿ ಕಾಕಾ" ಎಂದಳು. "ತಿಳಿದ್ರ ಅವರು ಮಾಡೋದೇ ಬಿಡ್ತಾರ. ನಮ್ ಮೊಹಲ್ಲಾದಾಗ ಇನ್ನೂ ಎಷ್ಟ್ ಹುಡುಗ್ಯಾರು ಅದಾರ!"

ಅವಳು ನಕ್ಕಳು ಅಂದುಕೊಂಡೆ. ನಕ್ಕಿರಲಿಲ್ಲ.

ಮಾತು ಓಣಿಯಿಂದ ಓಣಿಗೆ ಹಬ್ಬಿತು. ಹೆಣ್ಣು ಹೆತ್ತವರು ಒಬ್ಬೊಬ್ಬರಾಗಿ ವಹಾಬ್ ಸಾಹೇಬರ ಮನೆಗೆ ಬರತೊಡಗಿದರು. ಎಲ್ಲರ ಬಿನ್ನಹವೂ ಒಂದೇ: ಗಂಡಿನ ಕಡೆಯವರೊಡನೆ ಮಾತಿಗೆ ಕೂರುವಾಗ ನೀವೂ ಬರಬೇಕು, ಸಾಮಾನು ಮಾಡಿಕೊಡುವ ಸೋದರಮಾವನೋ ಕಾಕಾನೋ ಅಂತ ಹೇಳುತ್ತೇವೆ. ಸಾಹೇಬರು ಹೋಗುತ್ತಾರೆ, ಮನಸ್ಸು ಬಿಚ್ಚಿ ಮಾತಾಡುತ್ತಾರೆ. ಫೋನಿನಲ್ಲಿ ತಮ್ಮ ಕೆಲಸದ ಫೋಟೋ ತೋರಿಸುತ್ತಾರೆ. ಎಲ್ಲ ಕಡೆಯೂ ನಾಟುತ್ತದೆಂದಿಲ್ಲ. ಒಂದು ಮನೆಯವರು ಸಾಮಾನು ಬಿಟ್ಟು ರೊಕ್ಕ ಕೇಳಿದರು, ಆ ಸಂಬಂಧ ಮುರಿಯಿತು. ಆದರೆ ಮುರಿದದ್ದಕ್ಕೆ ಹುಡುಗಿಯ ತಾಯಿ ಪೇಢೆ ಹಂಚಿದಳು.

ಹೋದ ರವಿವಾರ ಕೋಟನೂರಿನ ದೇವಿಂದ್ರಪ್ಪ ತಾನೇ ಆಟೋ ತಂದು ಬಾಗಿಲಿಗೆ ನಿಲ್ಲಿಸಿದ್ದ. ಅವನ ಮಗಳನ್ನು ನೋಡಲು ಬೀದರ ಕಡೆಯವರು ಬರುವವರಿದ್ದರು. ವಹಾಬ್ ಸಾಹೇಬರು ಇಸ್ತ್ರಿ ಅಂಗಿ ತೊಟ್ಟು, ಅತ್ತರು ಹಚ್ಚಿಕೊಂಡು ಹೊರಬಂದರು. ಮದುಮಗನ ಗತ್ತು. ನನ್ನನ್ನು ಕಂಡು ನಿಂತರು.

"ನೋಡ್ರಿ ಆನಂದ ಭಾಯಿ, ಕಲಾಕ ಈಗ ಕದರ್ ಬಂತು. ಜಾತಿ, ಧರ್ಮ ಯಾರೂ ನೋಡಲಾಕತ್ತಿಲ್ಲ, ಎಲ್ಲಾರೂ ಕರೀಲಾಕತ್ಯಾರ."

ಅವರ ಹಿಂದೆ ಬಾಗಿಲಲ್ಲಿ ನಿಂತಿದ್ದ ಹಾಜಿರಾ ಆಪಾ ನನ್ನ ಕಡೆ ನೋಡಿ ತುಟಿಯ ಮೇಲೆ ಬೆರಳಿಟ್ಟರು.

"ಹೌದ್ರೀ" ಎಂದೆ ನಾನು. "ಜನಕ ಈಗ ಬುದ್ಧಿ ಬರಲಾಕತ್ತದ."