ಅಂಗೈಯ ಮೇಲೆ ಎರಡು ಹನಿ ಎಸರು

ಸೌಟಿನಿಂದ ಎರಡು ಹನಿ ಅಂಗೈಗೆ ಬಿಟ್ಟುಕೊಂಡು ಉಪ್ಪು ನೋಡುವ ನಮ್ಮ ಪದ್ಧತಿಯಲ್ಲಿ ಒಂದು ಅನುಕೂಲವಿದೆ. ಹನಿ ಬಿದ್ದ ಮೇಲೆ ನೀವು ಅದನ್ನು ನೆಕ್ಕಿದಿರೋ, ಬಟ್ಟೆಗೆ ಒರೆಸಿಕೊಂಡಿರೋ, ಸ್ವಲ್ಪ ಮುಖ ತಿರುಗಿಸಿ ನಿಂತಿದ್ದರೆ ಯಾರಿಗೂ ತಿಳಿಯುವುದಿಲ್ಲ. ಚಮಚವಾದರೆ ಸಿಂಕಿನಲ್ಲಿ ಬಿದ್ದುಕೊಂಡು ಸಾಕ್ಷಿ ಹೇಳೀತು. ಅಂಗೈ ಯಾವಾಗಲೂ ನಮ್ಮ ಪಕ್ಷದ್ದೇ. ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು: ಮುಂದೆ ನಾನು ಹೇಳುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅದು ಅಕ್ಟೋಬರ್ ತಿಂಗಳು ಎಂದು ನನ್ನ ನೆನಪು. ಆದರೆ ಅದೇ ನೆನಪಿನಲ್ಲಿ ಅಡುಗೆಮನೆಯ ಕಿಟಕಿಯಾಚೆ ಸಂಜೆ ಎಂಟಕ್ಕೂ ಬಿಸಿಲಿದೆ, ಮತ್ತು ಸಿಯಾಟಲ್ ಕಡೆಯ ಯಾವ ಅಕ್ಟೋಬರೂ ಅಷ್ಟು ಧಾರಾಳಿಯಲ್ಲ. ಭಾನುವಾರ ಎಂಬುದು ಮಾತ್ರ ಖಚಿತ. ನಮ್ಮ ಮನೆಯಲ್ಲಿ ಸೋಮವಾರ, ಶನಿವಾರ ಬಾಡು ಮುಟ್ಟುವ ಹಾಗಿಲ್ಲ. ನೆಂಟರನ್ನು ಕರೆಯಲು ಉಳಿಯುವುದು ಅದೊಂದೇ ವಾರ.

ಏಳು ವರ್ಷಗಳ ಹಿಂದೆ ನಾವು ಸಿಯಾಟಲ್ ಪಕ್ಕದ ಫ್ಯಾಕ್ಟೋರಿಯಾದಲ್ಲಿ, ಎರಡನೆಯ ಮಹಡಿಯ ಅಪಾರ್ಟ್‌ಮೆಂಟಿನಲ್ಲಿದ್ದೆವು. ಅತ್ತೆ, ಅಂದರೆ ನನ್ನ ಗಂಡ ಲೋಕೇಶನ ತಾಯಿ, ಆರು ತಿಂಗಳಿಗೆಂದು ಮೈಸೂರಿನಿಂದ ಬಂದಿದ್ದರು. ಲೋಕೇಶ ಚಿಕ್ಕವನಿದ್ದಾಗ ಜ್ವರ ಏರಿ ಆಸೆ ಬಿಡುವ ಹಾಗಾದ ದಿನ ಮನೆದೇವರಿಗೆ ಹರಕೆ ಹೊತ್ತು, ಅಂದಿನಿಂದ ಬಾಡು ಬಿಟ್ಟವರು ಅವರು. ಬಿಟ್ಟದ್ದು ತಿನ್ನುವುದನ್ನು, ಮಾಡುವುದನ್ನಲ್ಲ. ತಾವು ಬಾಯಿಗಿಡದ ಬಿರಿಯಾನಿಯನ್ನು ಮೂವತ್ತು ವರ್ಷ ಬೇರೆಯವರ ಬಾಯಿಗಾಗಿ ಮಾಡಿದ ಆ ಹೆಂಗಸಿನ ಪ್ರಾವೀಣ್ಯವೆಲ್ಲ ಮೂಗಿನಲ್ಲಿತ್ತು, ಕಿವಿಯಲ್ಲಿತ್ತು, ಕೈಯ ಅಂದಾಜಿನಲ್ಲಿತ್ತು. ಪುದೀನ, ಹಸಿಮೆಣಸಿನಕಾಯಿ ರುಬ್ಬಿದ ಮಸಾಲೆಯ ಹಸಿ ವಾಸನೆ ಹೋದದ್ದು ಅವರಿಗೆ ಹಾಲಿನಲ್ಲಿ ಕೂತೇ ಗೊತ್ತಾಗುತ್ತಿತ್ತು. ಎಣ್ಣೆ ಬಿಟ್ಟುಕೊಳ್ಳುವ ಸದ್ದಿಗೆ ಸರಿಯಾಗಿ ಎದ್ದು ಹೋಗುತ್ತಿದ್ದರು. ಟಕ್ವಿಲಾ ಊರಿನ ಹಲಾಲ್ ಅಂಗಡಿಯವನು ಕೊಟ್ಟ ಮೇಕೆ ಮಾಂಸವನ್ನು ಮೂಸಿ, "ಎಳೇದೇ ಕೊಟ್ಟವ್ನೆ, ಪಾಪ," ಎಂದು ಅವನನ್ನು ಕ್ಷಮಿಸುತ್ತಿದ್ದರು. ಬಾಸ್ಮತಿಯನ್ನು ಮಾತ್ರ ಕ್ಷಮಿಸಲಿಲ್ಲ. "ಸೆಂಟು ಹಾಕ್ಕಂಡಿರೋ ಅಕ್ಕಿ ಇದು, ಅನ್ನಕ್ಕಲ್ಲ, ಮದುವೆಗೆ ಹೊಂಟದೆ," ಎಂದು ನಕ್ಕು, ಸಣ್ಣ ಜೀರಾ ಸಾಂಬಾ ಅಕ್ಕಿಯನ್ನೇ ಹುಡುಕಿಸುತ್ತಿದ್ದರು.

ಅವರ ಕೈ ಮೀರಿದ್ದು ಉಪ್ಪೊಂದೇ. ಅದಕ್ಕೆ ವಾಸನೆಯಿಲ್ಲ, ಸದ್ದಿಲ್ಲ. ಮಾಂಸ ಬೆಂದು, ನೀರು ಸೇರಿ, ಎಸರು ಕುದಿಯುವಾಗ ಯಾರಾದರೂ ಬಾಯಿಯಿರುವವರು ರುಚಿ ನೋಡಬೇಕು. "ಎಸರಲ್ಲಿ ಉಪ್ಪು ಒಂದ್ ಚೂರು ಮುಂದಿರ್ಬೇಕು ಕನವ್ವ, ಅಕ್ಕಿ ಬಂದು ಎಳ್ಕತದೆ" ಎಂಬುದು ಅವರು ನನಗೆ ಕಲಿಸಿದ ಪಾಠ. ಬಿ.ಇ. ಮಾಡಿ, ಮೇಲೆ ಎಂ.ಎಸ್. ಮಾಡಿದ ನನಗೆ ಆ ಮನೆಯಲ್ಲಿ ಸಿಕ್ಕ ಅತ್ಯುನ್ನತ ಹುದ್ದೆ ಅದೇ: ಕರೆದಾಗ ಓಡಿ ಬಂದು ಅಂಗೈ ಚಾಚುವುದು. ನಗಬೇಡಿ, ಅಷ್ಟು ನಂಬಿಕೆಯ ಹುದ್ದೆ ನನಗೆ ಆಫೀಸಿನಲ್ಲಿ ಇನ್ನೂ ಸಿಕ್ಕಿಲ್ಲ.

ಆ ಭಾನುವಾರ ನಾಲ್ಕು ಮನೆಯವರನ್ನು ಊಟಕ್ಕೆ ಕರೆದಿದ್ದೆವು. ನನ್ನದು ಆಫೀಸಿನ ಆನ್-ಕಾಲ್ ಸರದಿ. ಯಾವುದೋ ಸರ್ವರ್ ಕೆಟ್ಟು, ನಾನು ಬೆಡ್‌ರೂಮಿನಲ್ಲಿ ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು ಕುಳಿತಿದ್ದೆ. "ಉಪ್ಪು ನೋಡು ಬಾರವ್ವ" ಎಂದು ಕೂಗಿದಾಗ ಮ್ಯೂಟ್ ಒತ್ತಿ, ಹೆಡ್‌ಸೆಟ್ ತೆಗೆಯದೆಯೇ ಬಂದೆ. ಸೌಟಿನಿಂದ ಎರಡು ಹನಿ ಅಂಗೈಗೆ ಬಿದ್ದವು. ಅಷ್ಟರಲ್ಲಿ ಕಿವಿಯೊಳಗೆ ಯಾರೋ ನನ್ನ ಹೆಸರು ಹಿಡಿದು ಕೇಳಿದರು. ನಾನು ತಿರುಗಿ ಬೆಡ್‌ರೂಮಿನತ್ತ ನಡೆಯುತ್ತ, ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ, "ಸ್ವಲ್ಪ ಕಮ್ಮಿ ಇದೆ ಅತ್ತೆ" ಎಂದೆ. ಅದು ಸಂಪೂರ್ಣ ಕಟ್ಟುಕಥೆಯೂ ಅಲ್ಲ. ಮೊದಲ ಸಲ ನೋಡಿದಾಗ ಎಸರಿಗೆ ಉಪ್ಪು ಸಾಮಾನ್ಯವಾಗಿ ಕಮ್ಮಿಯೇ ಇರುತ್ತಿತ್ತು. ನಮ್ಮ ಸಾಫ್ಟ್‌ವೇರ್ ವೃತ್ತಿಯಲ್ಲಿ ಉತ್ತರ ಬಾರದ ಕಡೆ ಸಂಭವನೀಯವಾದದ್ದೊಂದನ್ನು ತುಂಬಿಸಿಬಿಡುವ ಪದ್ಧತಿಯಿದೆ. ಅದನ್ನೇ ಬಿರಿಯಾನಿಗೂ ಅನ್ವಯಿಸಿದೆ.

ಇನ್ನು ಮುಂದಿನದು ನನಗೆ ಸಂಶಯವಿರುವ ಭಾಗ. ಹಿಂದಿನಿಂದ ಅತ್ತೆ, "ಇನ್ನೊಂದ್ ದಪ ನೋಡವ್ವ, ಮಾಂಸ ಬೇಯಿಸೋವಾಗ್ಲೇ ಸರ್ಯಾಗಿ ಹಾಕಿವ್ನಿ, ಕಮ್ಮಿ ಆಗಂಗಿಲ್ಲ" ಎಂದರೆಂದೂ, ನಾನು ಬಾಗಿಲ ಬಳಿಯಿಂದಲೇ, "ಕಮ್ಮೀನೇ ಇದೆ ಅತ್ತೆ, ಹಾಕಿ, ನಂಗೆ ಕಾಲ್ ಇದೆ" ಎಂದು ಸಿಡುಕಿದೆನೆಂದೂ ನೆನಪಿದೆ. ಇದು ನಿಜವಾಗಿ ನಡೆಯಿತೋ, ಪಶ್ಚಾತ್ತಾಪ ಆಮೇಲೆ ಬರೆದು ಸೇರಿಸಿದ ಸಂಭಾಷಣೆಯೋ ಹೇಳಲಾರೆ. ಅವರು ಒಂದೇ ಸಲ ಕೇಳಿದ್ದರೆ ನನ್ನದು ಅಜಾಗರೂಕತೆ. ಎರಡು ಸಲ ಕೇಳಿದ್ದರೆ ಅದಕ್ಕೆ ಬೇರೆ ಹೆಸರು ಹುಡುಕಬೇಕು.

ಬಡಿಸಿದ್ದಾಯಿತು. ಮೊದಲ ತುತ್ತಿನ ನಂತರ ಟೇಬಲ್ಲಿನ ಸುತ್ತ ಎಲ್ಲರ ಕೈಯೂ ಮೊಸರುಬಜ್ಜಿಯ ಬಟ್ಟಲಿನ ಕಡೆ ಹೊರಟಿತು. ಡುವಾಲ್‌ನಿಂದ ಅಷ್ಟು ದೂರ ಡ್ರೈವ್ ಮಾಡಿಕೊಂಡು ಬಂದಿದ್ದ ಗೆಳೆಯ, "ಖಾರ ಮಾತ್ರ ಸೂಪರ್ ಆಂಟಿ!" ಎಂದ. ಅವನ ಹೆಂಡತಿ, "ಪೀಸ್ ಎಷ್ಟ್ ಸಾಫ್ಟಾಗಿದೆ," ಎಂದಳು. ಖಾರ, ಮಾಂಸ, ಅಕ್ಕಿ, ಕೊನೆಗೆ ಪಾತ್ರೆಯನ್ನೂ ಹೊಗಳಿದರು. ಐದು ವರ್ಷದ ನನ್ನ ಮಗಳು ಇಂಚರಳಿಗೆ ಮಾತ್ರ ಈ ಶಿಷ್ಟಾಚಾರ ತಿಳಿದಿರಲಿಲ್ಲ. "ಅಜ್ಜಿ, ಇಟ್ಸ್ ಟೂ ಸಾಲ್ಟಿ!" ಎಂದು ತಟ್ಟೆ ತಳ್ಳಿದಳು.

ಅತ್ತೆ ಒಬ್ಬೊಬ್ಬರ ಮುಖವನ್ನೇ ನೋಡಿದರು. ಅಲ್ಲಿದ್ದ ಅಷ್ಟು ಜನರಲ್ಲಿ ಆ ಮಾತು ನಿಜವೋ ಸುಳ್ಳೋ ಎಂದು ರುಚಿ ನೋಡಿ ತಿಳಿಯಲಾರದವರು ಅವರೊಬ್ಬರೇ. ಕೊನೆಗೆ ನನ್ನನ್ನು ನೋಡಿದರು. ನಾನು ನೀರಿನ ಜಗ್ ಎತ್ತಿಕೊಂಡೆ.

"ಎರಡು ದಪ ಹಾಕ್ಬುಟ್ಟೆ ಅನ್ನುಸ್ತದೆ," ಎಂದರು ಅತ್ತೆ, ಎಲ್ಲರಿಗೂ ಕೇಳುವ ಹಾಗೆ. "ವಯಸ್ಸಾಯ್ತಲ್ಲ, ಕೈ ಮರ್ತೋಯ್ತು."

"ಅಯ್ಯೋ, ಬಿಡಿ ಆಂಟಿ" ಎಂದು ಎಲ್ಲರೂ ಅವರನ್ನು ಸಮಾಧಾನಪಡಿಸಿದರು. ಜೊತೆಗೆ ನಾನೂ ಸಮಾಧಾನಪಡಿಸಿದೆ. ಎಂಥ ಔದಾರ್ಯ ನನ್ನದು!

ನಾನು ದಿನಚರಿ ಬರೆಯುವವಳು; ನೆನಪನ್ನು ನಂಬದವರು ಕಾಗದವನ್ನು ನಂಬುತ್ತಾರೆ. ಈ ಲೇಖನಕ್ಕೆಂದು ಆ ವರ್ಷದ ಪುಸ್ತಕ ತೆಗೆದು ನೋಡಿದೆ. ತಿಂಗಳು ಇಲ್ಲ, ತಾರೀಖೂ ಇಲ್ಲ, ಎರಡೇ ಸಾಲು: "ಬಿರಿಯಾನಿ ಉಪ್ಪಾಯಿತು. ಅತ್ತೆಗೆ ವಯಸ್ಸಾಗುತ್ತಿದೆ." ನನ್ನದೇ ಅಕ್ಷರ, ಮುದ್ದಾಗಿದೆ. ಯಾರೂ ಓದದ ಪುಸ್ತಕದಲ್ಲೂ ನಾನು ಸುಳ್ಳು ಬರೆದಿಟ್ಟಿದ್ದೆ. ಆ ಬೂದು ಪ್ಯಾಂಟಿನ ತೊಡೆಯ ಮೇಲೆ ಬೆರಳಗಲದ ಅರಿಶಿನದ ಕಲೆ ಬಹಳ ದಿನ ಇತ್ತು; ಇದ್ದ ದಾಖಲೆಗಳಲ್ಲಿ ನಿಜ ಹೇಳಿದ್ದು ಅದೊಂದೇ. ಅದನ್ನು ನಾನು ದಾನದ ಪೆಟ್ಟಿಗೆಗೆ ಹಾಕಿಬಿಟ್ಟೆ.

ಉಳಿದ ಎರಡು ತಿಂಗಳು ಅತ್ತೆ ಬಿರಿಯಾನಿ ಮಾಡಲಿಲ್ಲ. "ನೀನೇ ಮಾಡವ್ವ, ನಾನು ಈರುಳ್ಳಿ ಹೆಚ್ಚಿಕೊಡ್ತೀನಿ" ಎನ್ನುತ್ತಿದ್ದರು. ಅದನ್ನು ನಾನು ಬಡ್ತಿ ಎಂದು ತಿಳಿದೆ. ಅವರು ಊರಿಗೆ ಹೋಗಿ ವರ್ಷವಾದ ಮೇಲೆ, ಅವರ ಜೊತೆಯಲ್ಲೇ ಇರುವ ನಾದಿನಿ ಶೋಭಾ ಫೋನಿನಲ್ಲಿ ಬೇರೆ ಏನೋ ಹೇಳುತ್ತ, "ಅಮ್ಮ ಈಗ ಬಾಡಿನ ಅಡುಗೆಗೆ ಕೈ ಹಾಕೋದೇ ಇಲ್ಲ ಅತ್ಗೆ. ಹಬ್ಬಕ್ಕೂ ನಾನೇ. 'ನನ್ ಕೈ ನಂಬಬೇಡಿ ಕನ್ರವ್ವ' ಅಂತಾರೆ. ಅಲ್ಲಿಂದ ಬಂದ ಮೇಲೇ ಹಿಂಗೆ," ಎಂದಳು. ಮೂವತ್ತು ವರ್ಷ ತಪ್ಪದ ಕೈ. ಆ ದಿನವೂ ತಪ್ಪಿರಲಿಲ್ಲ. ಅದನ್ನು ಆಗಲೇ ಹೇಳಬಹುದಿತ್ತು, "ಹೌದಾ?" ಎಂದು ಕೇಳಿ ಫೋನಿಟ್ಟೆ.

ಈಗ ಇಂಚರಳಿಗೆ ಹನ್ನೆರಡು. ಕಳೆದ ಭಾನುವಾರ ಸಂಜೆ ನಾನು ಬಿರಿಯಾನಿಗಿಟ್ಟು, ಫೋನನ್ನು ಮಸಾಲೆ ಡಬ್ಬಿಗೆ ಒರಗಿಸಿ ಮೈಸೂರಿಗೆ ವಿಡಿಯೊ ಕಾಲ್ ಮಾಡಿದೆ. ಅಲ್ಲಿ ಸೋಮವಾರ ಬೆಳಗ್ಗೆ, ಬಾಡು ಮುಟ್ಟಬಾರದ ದಿನ. ಫೋನಿನಲ್ಲಿ ನೋಡಿದರೆ ದೋಷವಿಲ್ಲ ಎಂದು ಅತ್ತೆ ಎಂದೋ ತೀರ್ಪು ಕೊಟ್ಟಿದ್ದಾರೆ. ಕಾಫಿ ಲೋಟ ಹಿಡಿದು ಕೂತಿದ್ದರು. ಇಷ್ಟು ವರ್ಷ ಅಭ್ಯಾಸ ಮಾಡಿಕೊಂಡ ಪೀಠಿಕೆಯೆಲ್ಲ ಮರೆತುಹೋಗಿ, ಒಂದೇ ಉಸಿರಿಗೆ ಕೇಳಿಬಿಟ್ಟೆ: "ಅತ್ತೆ, ಫ್ಯಾಕ್ಟೋರಿಯಾ ಮನೇಲಿ ಬಿರಿಯಾನಿ ಉಪ್ಪಾಯ್ತಲ್ಲ, ಅವತ್ತು ನಾನು ಉಪ್ಪು ನೋಡದೇನೇ ಕಮ್ಮಿ ಅಂದೆ. ನಿಮಗೆ ಅದು ಗೊತ್ತಿತ್ತಾ? ಗೊತ್ತಿದ್ದೇ ನಿಮ್ಮ ಮೇಲೆ ಹಾಕ್ಕೊಂಡ್ರಾ?"

ಅತ್ತೆ ಕಾಫಿ ಕುಡಿದರು. ಲೋಟ ಕೆಳಗಿಟ್ಟು, ಫೋನಿನ ಹತ್ತಿರಕ್ಕೆ ಬಗ್ಗಿದರು. ಅವರು ನನ್ನನ್ನು ನೋಡುತ್ತಿದ್ದರೋ, ನನ್ನ ಹಿಂದೆ ಕುದಿಯುತ್ತಿದ್ದ ಪಾತ್ರೆಯನ್ನೋ ತಿಳಿಯಲಿಲ್ಲ.

"ಎಸರು ಕುದೀತಾ ಅದೆ," ಎಂದರು. "ಉಪ್ಪು ನೋಡ್ದೇನವ್ವ?"

ಸೌಟಿನಿಂದ ಎರಡು ಹನಿ ಅಂಗೈಗೆ ಬಿಟ್ಟುಕೊಂಡೆ. ಮುಖ ತಿರುಗಿಸದೆ, ಅವರಿಗೆ ಕಾಣುವ ಹಾಗೆ ನೆಕ್ಕಿದೆ. "ಒಂದ್ ಚೂರು ಮುಂದಿದೆ ಅತ್ತೆ" ಎಂದೆ.

"ಹಾಕು ಮತ್ತೆ ಅಕ್ಕೀನ," ಎಂದರು. ನಾನು ಅಕ್ಕಿ ಹಾಕಿದೆ.